ಅಪ್‌ಡೇಟ್: ಬೆಂಗಳೂರು–ಲಂಡನ್ ವಿಮಾನಕ್ಕೆ ಎಷ್ಟು ಹೊತ್ತು?

ವಿರಾಜಪೇಟೆಯಿಂದ ಅಮ್ಮನನ್ನು ಲಂಡನ್‌ನಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೋಗಬೇಕು, ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕು ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದೆವು.

ದೂರ ಸುಮಾರು 8,000 ಕಿ.ಮೀ. ಗಂಟೆಗೆ 900 ಅಂತ ಭಾಗಿಸಿ ‘ಒಂಬತ್ತು ಗಂಟೆ ಸಾಕು’ ಅಂದಿದ್ದೆ. ಹಿಡಿದದ್ದು ಹತ್ತೂಮುಕ್ಕಾಲು! ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಹೋಗುವಾಗ ಅದು ಎದುರು. ವಿಮಾನವೂ ನೇರ ಗೆರೆ ಎಳೆದ ಹಾಗೆ ಹೋಗಲ್ಲ. ಬರುವಾಗ ಅದೇ ಗಾಳಿ ಬೆನ್ನಿಗೆ ಸಿಕ್ಕಿ ಹತ್ತು ಗಂಟೆಯೊಳಗೆ ಇಳಿದೆವು.

ಟಿಕೆಟ್ ನೋಡಿ ಮೋಸ ಹೋಗಬೇಡಿ. ಅದರಲ್ಲಿರುವುದು ಆಯಾ ಊರಿನ ಸಮಯ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅಮ್ಮ ಇಳಿದ ಮೇಲೂ ವಾಚ್ ತಿರುಗಿಸಲಿಲ್ಲ, ‘ಈಗ ಊರಲ್ಲಿ ಕಾಫಿ ಹೊತ್ತು’ ಅನ್ನುತ್ತಲೇ ಇದ್ದರು.

ನಿಜವಾಗಿ ಸುಸ್ತಾದದ್ದು ರಸ್ತೆಯಲ್ಲಿ. ತಿತಿಮತಿ, ಹುಣಸೂರು, ಮೈಸೂರು ದಾಟಿ ದೇವನಹಳ್ಳಿ ಮುಟ್ಟಲು ಏಳು ಗಂಟೆ, ಅಲ್ಲಿ ಮೂರು ಗಂಟೆ ಕಾಯುವುದು. ಮನೆ ಬಾಗಿಲಿಂದ ಲೆಕ್ಕ ಹಾಕಿದರೆ ಇಪ್ಪತ್ತೊಂದು ಗಂಟೆ ಹತ್ತಿರ ಆಯ್ತಲ್ವಾ?

ಅಂದ ಹಾಗೆ, ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿರಸ) ಬಾಟಲಿಯನ್ನು ಕೈಚೀಲದಲ್ಲಿ ಇಡಬೇಡಿ ಅಂದವರಿಗೆ ಥ್ಯಾಂಕ್ಸ್. ದೊಡ್ಡ ಸೂಟ್‌ಕೇಸಿನಲ್ಲಿ, ಸೀರೆ ಮಡಿಕೆಯೊಳಗೆ, ಒಂದು ಹನಿ ಚೆಲ್ಲದೆ ತಲುಪಿತು.