ಕಾಕಟೀಲ್ ಕೈಗೆ ಬರುತ್ತಿಲ್ಲ, ರಾತ್ರಿ ಬೇರೆ ಗಾಬರಿ: ಏನು ಮಾಡಲಿ?

ಗೋಪಾಳದ ಹೊಸಬ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಮಗಳ ಹಟಕ್ಕೆ ಮಣಿದು ಮೇ ತಿಂಗಳ ಕೊನೆಯಲ್ಲಿ ಒಂದು ಕಾಕಟೀಲ್, ಅಂದರೆ ಜುಟ್ಟಿರುವ ಚಿಕ್ಕ ಗಿಳಿ, ತಂದೆವು. ಮೈ ತಿಳಿಹಳದಿ, ಕಣ್ಣು ಕೆಂಪು, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು. ‘ಕೈತುತ್ತು ತಿಂದು ಬೆಳೆದ ಮರಿ, ನಾಳೆಯೇ ಹೆಗಲೇರುತ್ತದೆ’ ಎಂದಿದ್ದರು ಮಾರಿದವರು. ಹೆಗಲಿನ ಮಾತು ಹಾಗಿರಲಿ, ನೀರಿನ ಬಟ್ಟಲು ಬದಲಿಸಲು ಕೈ ಹಾಕಿದರೂ ಜುಟ್ಟನ್ನು ತಲೆಗೆ ಒತ್ತಿಕೊಂಡು ಬುಸುಗುಟ್ಟುತ್ತದೆ. ಮಗಳ ಬೆರಳಿನಲ್ಲಿ ಒಮ್ಮೆ ರಕ್ತವೂ ಬಂದಿದೆ.

ಇನ್ನೊಂದು ತೊಂದರೆ ರಾತ್ರಿಯದು. ಮಳೆ ಹಿಡಿದ ಮೇಲೆ ಕರೆಂಟ್ ಹೋಗುವುದು ಹೆಚ್ಚಾಗಿದೆ. ಹಾಗೆ ಹೋದಾಗಲೆಲ್ಲ ಪಂಜರದೊಳಗೆ ರೆಕ್ಕೆ ಬಡಿದುಕೊಂಡು ಹಾರಾಡುತ್ತದೆ. ಬೆಳಿಗ್ಗೆ ನೋಡಿದರೆ ಕೆಳಗೆ ಉದ್ದುದ್ದ ಗರಿಗಳು. ಇದು ಕಾಯಿಲೆಯೇ, ಒಂಟಿತನವೇ? ಜೊತೆಗೆ ಇನ್ನೊಂದನ್ನು ತನ್ನಿ ಎನ್ನುತ್ತಾರೆ ಕೆಲವರು. ಗಿಳಿ ಸಾಕಿದರೆ ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಬಲ್ಲವರು ತಿಳಿಸಿ.

ಜೋಗದ ದಾರಿ (ಸಾಗರ):

ರೆಕ್ಕೆಯ ಗರಿ ಕತ್ತರಿಸಿಬಿಡಿ. ಹಾರಲು ಆಗದಿದ್ದರೆ ತಾನಾಗಿ ಕೈಗೆ ಬರುತ್ತದೆ. ಟವೆಲ್ಲಿನಲ್ಲಿ ಹಿಡಿದು ದಿನವೂ ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಳ್ಳಿ, ಕಚ್ಚಿದರೂ ಬಿಡಬೇಡಿ. ನಮ್ಮ ಅಣ್ಣನ ಮನೆಯಲ್ಲಿ ಹೀಗೆಯೇ ಪಳಗಿಸಿದ್ದು. ಸೂರ್ಯಕಾಂತಿ ಬೀಜ ಧಾರಾಳವಾಗಿ ಹಾಕಿ.

ಹೆಂಚಿನ ಮನೆ (ತೀರ್ಥಹಳ್ಳಿ):

ಸಾಗರದವರ ಮೇಲೆ ನನಗೆ ಕೋಪವಿಲ್ಲ, ಆದರೆ ಅವರ ಮಾತು ಕೇಳಬೇಡಿ. ಟವೆಲ್ಲಿನಲ್ಲಿ ಹಿಡಿಸಿಕೊಂಡ ಹಕ್ಕಿ ಸೋತು ಸುಮ್ಮನಾಗುತ್ತದೆ. ನೋಡುವವರಿಗೆ ಅದು ಪಳಗಿದ ಹಾಗೆಯೇ ಕಾಣುವುದರಿಂದ ಈ ಉಪಾಯ ಊರೂರು ತಿರುಗುತ್ತಿದೆ.

ನಾನು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಹಳ್ಳಿಯವಳು. ಅಡಿಕೆ ತೋಟ, ಹಳೆಯ ಮನೆ, ಎರಡು ಕಾಕಟೀಲ್. ಬೂದು ಬಣ್ಣದ ಗಂಡಿಗೆ ಚಂದು ಎಂದು ಹೆಸರು. ನಿಮ್ಮದರ ಹಾಗೆ ಹಳದಿಯಾಗಿರುವ ಹೆಣ್ಣಿಗೆ ಸಂಪಿಗೆ. ಚಂದು ಕುಕ್ಕರಿನ ಸೀಟಿಯನ್ನು ಕುಕ್ಕರಿಗಿಂತ ಚೆನ್ನಾಗಿ ಹಾಕುತ್ತಾನೆ. ಮನೆಯವರು ಎಷ್ಟೋ ಸಲ ಅನ್ನವಾಯಿತೆಂದು ಎದ್ದುಬಂದಿದ್ದಾರೆ.

ಮೊದಲು ಕೈಯ ವಿಷಯ. ಈ ಹಕ್ಕಿಯ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಗುಂಪಾಗಿ ನೆಲಕ್ಕಿಳಿದು ಹುಲ್ಲಿನ ಬೀಜ ಹೆಕ್ಕುವ ಜಾತಿ. ನೆಲದಲ್ಲಿ ಮೇಯುವ ಹಕ್ಕಿಗೆ ಸಾವು ಬರುವುದು ಮೇಲಿನಿಂದ, ಗಿಡುಗದ ರೂಪದಲ್ಲಿ. ನಿಮ್ಮ ಕೈ ಮೇಲಿನಿಂದ ಇಳಿದರೆ ಅದು ಬುಸುಗುಟ್ಟದೆ ಇನ್ನೇನು ಮಾಡಬೇಕು? ಪಂಜರವನ್ನು ನಿಮ್ಮ ಎದೆಯ ಎತ್ತರಕ್ಕೆ ತನ್ನಿ, ಒಂದು ಬದಿ ಗೋಡೆಗೆ ತಾಗಿರಲಿ, ಜನ ಕೂರುವ ಕೋಣೆಯಲ್ಲಿರಲಿ. ಆರಂಭದಲ್ಲಿ ಕೈ ಹಾಕುವುದೇ ಬೇಡ. ಮಗಳಿಗೆ ಹೇಳಿ, ಪಕ್ಕದಲ್ಲಿ ಕುಳಿತು ಪಾಠವನ್ನು ಗಟ್ಟಿಯಾಗಿ ಓದಲಿ. ಪಾಠವೂ ಆಗುತ್ತದೆ.

ಆಮೇಲೆ ನವಣೆ ತೆನೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ದೊಡ್ಡ ಬೆಲೆಗೆ ಮಾರುತ್ತಾರೆ. ಬಯಲುಸೀಮೆಯ ಕಡೆ ಬೆಳೆಗಾರರ ಪರಿಚಯವಿದ್ದರೆ ಒಂದು ಕಟ್ಟು ತರಿಸಿಕೊಳ್ಳಿ. ಮೊದಲು ಕಂಬಿಯ ಹೊರಗಿನಿಂದ ತೆನೆ ಚಾಚಿ. ತಿನ್ನತೊಡಗಿದ ಮೇಲೆ ತೆರೆದ ಬಾಗಿಲಿನಲ್ಲಿ. ಆಮೇಲೆ ತೆನೆಯನ್ನು ಅಂಗೈಯ ಆ ಬದಿಗೆ ಹಿಡಿಯಿರಿ, ತಿನ್ನಬೇಕೆಂದರೆ ಅದು ಕೈ ತುಳಿದೇ ಬರಬೇಕು. ಒಂದು ಸಲಕ್ಕೆ ಐದು, ಹತ್ತು ನಿಮಿಷ ಸಾಕು. ಅದಕ್ಕೆ ಬೇಸರವಾಗುವ ಮೊದಲೇ ನೀವು ಎದ್ದು ಹೋಗಿ. ಕೈ ತುಳಿಯುವುದು ರೂಢಿಯಾದ ಮೇಲೆ ಬೆರಳನ್ನು ಕಾಲಿನ ಸ್ವಲ್ಪ ಮೇಲೆ, ಹೊಟ್ಟೆಗೆ ತಾಗುವಂತೆ ಹಿಡಿದರೆ ತಾನೇ ಹತ್ತುತ್ತದೆ.

ಇದೆಲ್ಲ ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳಬೇಡಿ. ಜುಟ್ಟನ್ನು ಕೇಳಿ. ನೆಟ್ಟಗೆ ನಿಂತರೆ ಬೆರಗು ಅಥವಾ ಭಯ. ಹಿಂದಕ್ಕೆ ಒರಗಿ ತುದಿ ಮಾತ್ರ ಮೇಲಕ್ಕೆ ಬಾಗಿದ್ದರೆ ಆರಾಮ. ತಲೆಗೆ ಅಂಟಿಕೊಂಡು ಬಾಯಿ ತೆರೆದಿದ್ದರೆ ‘ಇನ್ನೊಂದು ಹೆಜ್ಜೆ ಮುಂದೆ ಬಂದರೆ ಕಚ್ಚುತ್ತೇನೆ’ ಎಂದು ಹೇಳಿ ಆಯಿತು; ಅದಾದ ಮೇಲೂ ಕೈ ಚಾಚಿ ಕಚ್ಚಿಸಿಕೊಂಡರೆ ಹಕ್ಕಿಯನ್ನು ದೂರುವ ಹಾಗಿಲ್ಲ. ಒಂದು ದಿನ ಅದು ನಿಮ್ಮ ಮುಂದೆ ತಲೆ ಬಗ್ಗಿಸುತ್ತದೆ. ತನ್ನ ಕೊಕ್ಕು ತನ್ನ ತಲೆಗೆ ಎಟುಕದ ಕಾರಣ ಅಲ್ಲಿ ಹುಟ್ಟುವ ಹೊಸ ಗರಿಗಳ ಪೊರೆಯನ್ನು ಇನ್ನೊಬ್ಬರು ಬಿಡಿಸಬೇಕು. ಕೆನ್ನೆ, ಕಿವಿಯ ಸುತ್ತ, ಜುಟ್ಟಿನ ಬುಡ, ಅಲ್ಲಿ ಮೆಲ್ಲಗೆ ಕೆರೆಯಿರಿ. ಬೆನ್ನು ಮತ್ತು ರೆಕ್ಕೆಯ ಅಡಿ ಸವರಬೇಡಿ, ಅದು ಜೋಡಿ ಹಕ್ಕಿಗಳ ಭಾಷೆ.

ಇನ್ನು ರಾತ್ರಿಯ ಗಾಬರಿ. ಕಾಯಿಲೆಯಲ್ಲ. ಕಾಕಟೀಲ್‌ಗಳಿಗೆ ಕತ್ತಲಲ್ಲಿ ಹೀಗೆ ಬೆಚ್ಚುವ ಸ್ವಭಾವ ಬೇರೆ ಗಿಳಿಗಳಿಗಿಂತ ಹೆಚ್ಚು, ಕೆಂಪು ಕಣ್ಣಿನ ಹಳದಿ ಹಕ್ಕಿಗಳಲ್ಲಿ ಇನ್ನೂ ಹೆಚ್ಚು. ನಮ್ಮಲ್ಲಿ ಅಟ್ಟದ ಮೇಲೆ ಇಲಿ ಓಡಿದರೂ ಸಾಕು, ಸಂಪಿಗೆ ಹೌಹಾರುತ್ತಾಳೆ. ಕರೆಂಟ್ ಹೋದರೂ ಆರದ ಒಂದು ಮಂದ ದೀಪ ಇಡಿ. ಯುಪಿಎಸ್ ಇದ್ದರೆ ಅದಕ್ಕೆ, ಇಲ್ಲವೇ ಚಾರ್ಜ್ ಮಾಡುವ ಚಿಕ್ಕ ದೀಪ. ಪಂಜರದ ಮೂರು ಬದಿ ಮಾತ್ರ ಬಟ್ಟೆ ಮುಚ್ಚಿ. ಗಾಬರಿ ಹತ್ತಿದಾಗ ಕೈ ಹಾಕದೆ ದೀಪ ಹಾಕಿ ಮೆಲುದನಿಯಲ್ಲಿ ಮಾತಾಡಿಸಿ. ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತ ಇರುತ್ತದೆ; ಅದು ಮುರಿದು ಸೋರುತ್ತಿದ್ದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೊರಡಿ.

ನೀವು ಕೇಳದಿದ್ದರೂ ಹೇಳುವುದು ಗಾಳಿಯ ಬಗ್ಗೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲವೆಂದರೆ ಕಿಟಕಿ ಮುಚ್ಚಿದ್ದು, ಬಚ್ಚಲೊಲೆಯ ಹೊಗೆ, ಸಂಜೆ ಲೋಬಾನ, ಸೊಳ್ಳೆ ಬತ್ತಿ. ಹಕ್ಕಿಗಳ ಉಸಿರಾಟದಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹರಿಯುತ್ತದೆ, ಆಮ್ಲಜನಕದ ಜೊತೆ ವಿಷವನ್ನೂ ಅಷ್ಟೇ ಚುರುಕಾಗಿ ಹೀರುತ್ತದೆ. ಎಲ್ಲಕ್ಕಿಂತ ಅಪಾಯ ದೋಸೆಯ ನಾನ್‌ಸ್ಟಿಕ್ ತವಾ. ಒಲೆಯ ಮೇಲೆ ಮರೆತು ಅತಿಯಾಗಿ ಕಾದರೆ ಅದರ ಲೇಪದಿಂದ ಏಳುವ ಅನಿಲ ನಮಗೆ ಕಾಣದು, ಮೂಗಿಗೂ ಹತ್ತದು. ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ನಮ್ಮಲ್ಲಿ ಅಜ್ಜಿಯ ಕಾಲದ ಕಬ್ಬಿಣದ ಕಾವಲಿಯೇ ಈಗಲೂ ನಡೆಯುತ್ತಿದೆ, ದೋಸೆಯೂ ಅದರದ್ದೇ ಚೆಂದ.

ತಿನಿಸು: ಬರೀ ಬೀಜ ತಿಂದ ಹಕ್ಕಿಗೆ ಎ ಜೀವಸತ್ವ ಸಾಲದು. ನುಗ್ಗೆ ಸೊಪ್ಪು, ಹರಿವೆ, ಕ್ಯಾರೆಟ್, ಸಿಹಿಗುಂಬಳ ಕೊಡಿ. ಸೂರ್ಯಕಾಂತಿ ಬೀಜದಲ್ಲಿ ಎಣ್ಣೆ ಹೆಚ್ಚು, ಅದು ಬಹುಮಾನಕ್ಕೆ ಮಾತ್ರ. ತೋಟದವರಾದರೆ ಒಂದು ಎಚ್ಚರ: ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಹೊಡೆದ ಅಡಿಕೆ ಮರದ ಬುಡದ ಸೊಪ್ಪು ಬೇಡವೇ ಬೇಡ. ಕಾಫಿ ತೋಟದ ಕಡೆಯವರು ಪ್ರೀತಿಯಿಂದ ತಂದುಕೊಡುವ ಬೆಣ್ಣೆಹಣ್ಣು ಹಕ್ಕಿಗೆ ವಿಷ. ಕಾಫಿ, ಚಾಕೊಲೇಟ್ ಕೂಡ. ಮಳೆಗಾಲದಲ್ಲಿ ಬೀಜವನ್ನು ಸ್ವಲ್ಪ ಸ್ವಲ್ಪವೇ ತನ್ನಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಹಾಕುವ ಮೊದಲು ಮೂಸಿ ನೋಡಿ. ಮುಗ್ಗುಲು ವಾಸನೆ ಬಂದರೆ ಗೊಬ್ಬರದ ಗುಂಡಿಗೆ. ಒಣನಾಡಿನ ಹಕ್ಕಿಯನ್ನು ಆಗುಂಬೆಯ ಮಗ್ಗುಲಿಗೆ ತಂದು ಸಾಕುವವರಿಗೆ ಇದು ತಪ್ಪದ ಕೆಲಸ.

ರೆಕ್ಕೆ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ. ಹೊರಗೆ ಬಿಡುವಾಗ ಫ್ಯಾನ್ ಆರಿಸಿ, ಕಿಟಕಿಗೆ ಜಾಲರಿ ಹಾಕಿಸಿ. ನಮ್ಮಂಥ ಮನೆಯಾದರೆ ಗೋಡೆಗೂ ಹೆಂಚಿಗೂ ನಡುವಿನ ಸಂದು ಮುಚ್ಚಬೇಕು.

ಕಾನೂನಿನ ಭಯ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಸಾಕಬಾರದ್ದು ನಮ್ಮ ಕಾಡಿನ, ತೋಟದ ಹಸಿರು ಗಿಳಿ. ಇದು ಹೊರದೇಶದ್ದು. ಕೊಂಡ ರಸೀದಿ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದು ಹಕ್ಕಿ ಈಗ ಬೇಡ. ಅವೆರಡೂ ಒಂದಕ್ಕೊಂದು ಅಂಟಿಕೊಂಡರೆ ನಿಮ್ಮ ಮಗಳು ಪಂಜರದ ಹೊರಗಿನ ಪ್ರೇಕ್ಷಕಿ. ಇಡೀ ದಿನ ಮನೆಗೆ ಬೀಗ ಬೀಳುವುದಾದರೆ ಮಾತು ಬೇರೆ, ಇದು ಗುಂಪಿನ ಹಕ್ಕಿ, ಆಗ ಜೋಡಿ ಬೇಕೇ ಬೇಕು. ಆಗಲೂ ಹೊಸದನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು ನೋಡಿ.

ಜೋಗದ ದಾರಿ (ಸಾಗರ):

ಅಕ್ಕ, ಬೈದದ್ದು ಸಾಕು. ಅಣ್ಣನ ಹಕ್ಕಿ ಈಗಲೂ ಅವನ ಕೈ ಕಂಡರೆ ಮೂಲೆ ಸೇರುತ್ತದೆ ಎಂಬುದು ನಿಜ. ಅವನಿಗೆ ಈ ಪುಟ ಕಳಿಸಿದ್ದೇನೆ.

ಗೋಪಾಳದ ಹೊಸಬ (ಶಿವಮೊಗ್ಗ):

ತುಂಬಾ ಉಪಕಾರವಾಯಿತು. ನಮ್ಮ ಪಂಜರಕ್ಕೆ ಬಾಗಿಲು ಇರುವುದೇ ಮೇಲೆ! ಬೇರೆ ತರುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಸಂಜೆಯ ಲೋಬಾನ ಬಿಡಲು ಅಮ್ಮ ಸುತರಾಂ ಒಪ್ಪುವುದಿಲ್ಲ. ಮತ್ತೆ, ಇದು ಗಂಡೋ ಹೆಣ್ಣೋ ತಿಳಿಯುವುದು ಹೇಗೆ?

ಬಿಳಿಗರಿ (ಭದ್ರಾವತಿ):

ಎರಡನೆಯದಕ್ಕೆ ನಾನು ಹೇಳುತ್ತೇನೆ. ಹಳದಿ ಹಕ್ಕಿಯಲ್ಲಿ ಗುರುತು ಹಿಡಿಯುವುದು ಕಷ್ಟ. ಮೊದಲ ಸಲ ಗರಿ ಉದುರಿಸಿ ಹೊಸದು ಬಂದ ಮೇಲೆ ಬಾಲವನ್ನು ಅಡಿಯಿಂದ ಬೆಳಕಿಗೆ ಹಿಡಿದು ನೋಡಿ; ಮಾಸಲು ಹಳದಿ ಪಟ್ಟೆಗಳು ಉಳಿದಿದ್ದರೆ ಹೆಣ್ಣು. ಸೀಟಿ ಹಾಕುತ್ತ ರೆಕ್ಕೆಯನ್ನು ಸ್ವಲ್ಪ ಎತ್ತಿ ಠೀವಿಯಿಂದ ನಡೆದರೆ ಬಹುತೇಕ ಗಂಡು.

ಹೆಣ್ಣಾದರೆ ಗಂಡಿಲ್ಲದೆಯೂ ಮೊಟ್ಟೆಯಿಡಬಹುದು, ಗಾಬರಿಯಾಗಬೇಡಿ. ಆ ಮೊಟ್ಟೆಗಳನ್ನು ಇಟ್ಟ ಹಾಗೆ ತೆಗೆದರೆ ಇನ್ನಷ್ಟು ಇಡುತ್ತದೆ. ತಾನಾಗಿ ಕಾವು ಬಿಟ್ಟು ಏಳುವವರೆಗೆ ಬಿಡಿ. ಪಂಜರದಲ್ಲಿ ಕತ್ತಲೆಯ ಪೆಟ್ಟಿಗೆ, ಗೂಡು ಇಡಬೇಡಿ. ಸುಣ್ಣದಂಶಕ್ಕೆ ಅಂಗಡಿಯಲ್ಲಿ ಸಿಗುವ ಕಟಲ್‌ಬೋನ್ (ಕಟಲ್ ಮೀನಿನ ಒಳಚಿಪ್ಪು) ಕಟ್ಟಿ. ಗರಿ ಉಬ್ಬಿಸಿಕೊಂಡು ಪಂಜರದ ನೆಲದಲ್ಲಿ ಕುಳಿತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು, ಅಂದೇ ವೈದ್ಯರಿಗೆ ತೋರಿಸಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದರಿಂದ ನೀವು ನಮಗಿಂತ ಅದೃಷ್ಟವಂತರು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಸಾಮಾನ್ಯವಾಗಿ 80ರಿಂದ 100 ಗ್ರಾಂ ಆಸುಪಾಸು. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ, ತೂಕ ಮುಚ್ಚಿಡುವುದಿಲ್ಲ.

ಹೆಂಚಿನ ಮನೆ (ತೀರ್ಥಹಳ್ಳಿ):

ಲೋಬಾನದ ಬಗ್ಗೆ: ಅಮ್ಮನ ಜೊತೆ ಜಗಳ ಬೇಡ, ನೀವೇ ಸೋಲುತ್ತೀರಿ. ಧೂಪ ಹಾಕುವ ಮೊದಲು ಹಕ್ಕಿಯನ್ನು ಹಿಂದಿನ ಕೋಣೆಗೆ ಸಾಗಿಸಿ ಬಾಗಿಲು ಮುಚ್ಚಿ, ಹೊಗೆ ಪೂರ್ತಿ ಹೋದ ಮೇಲೆ ವಾಪಸು ತನ್ನಿ. ಅದಕ್ಕಾಗಿ ಪ್ರಯಾಣದ ಚಿಕ್ಕ ಪಂಜರವೊಂದನ್ನು ಕೊಂಡರೆ ವೈದ್ಯರಲ್ಲಿಗೆ ಹೋಗಲೂ ಆಗುತ್ತದೆ. ನಮ್ಮ ಅತ್ತೆಯವರಿಗೂ ಹೀಗೆಯೇ ಏರ್ಪಾಡು. ಈಗ ಧೂಪದ ಹೊತ್ತಿಗೆ ಅವರೇ ‘ಚಂದುವನ್ನು ಒಳಗೆ ಇಡು’ ಎಂದು ಕೂಗುತ್ತಾರೆ.

ಹೊಸ ಪಂಜರ ತರುವಾಗ ಎತ್ತರಕ್ಕಿಂತ ಅಗಲ ನೋಡಿ, ಎರಡೂ ರೆಕ್ಕೆ ಬಿಚ್ಚಲು ಆಗಬೇಕು. ಕಂಬಿಗಳ ನಡುವೆ ಅರ್ಧ ಇಂಚಿನಷ್ಟೇ ಸಂದಿರಲಿ. ಜೊತೆಗೆ ಬರುವ ನುಣ್ಣನೆಯ ಪ್ಲಾಸ್ಟಿಕ್ ಕೋಲು ಎಸೆದು ಪೇರಳೆ ಕೊಂಬೆ ಹಾಕಿ. ದಪ್ಪ, ಸಣ್ಣ ಎರಡೂ ಇರಲಿ, ತೊಳೆದು ಒಣಗಿಸಿ. ಅಳತೆ ತಿಳಿಯದಿದ್ದರೆ ಕೊಳ್ಳುವ ಮೊದಲು ಪಂಜರದ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.