ಆರ್ಡುಬಾಯ್: ದುಡ್ಡು ಕೊಟ್ಟು ತರಿಸೋದಾ, ಎಸ್‌ಪಿ ರೋಡ್ ಪಾರ್ಟ್ಸಲ್ಲಿ ಕಟ್ಟೋದಾ?

ಕ್ಲಬ್_ಮೇಡಂ_ಬಸವನಗುಡಿ

ಶಾಲೆಯ ಎಲೆಕ್ಟ್ರಾನಿಕ್ಸ್ ಕ್ಲಬ್ಬಿಗೆ ಹತ್ತು ಆರ್ಡುಬಾಯ್ (ನಾವೇ ಆಟ ಬರೆದು ಹಾಕಬಹುದಾದ, ಕೈಯಲ್ಲಿ ಹಿಡಿಯೋ ಪುಟ್ಟ ಗೇಮ್ ಕನ್ಸೋಲ್) ಬೇಕು. ಎಂಟು, ಒಂಬತ್ತನೇ ತರಗತಿ ಮಕ್ಕಳು. ಆಡೋದಕ್ಕಿಂತ ಆಟ ಬರೆಯೋದನ್ನ ಕಲಿಸೋದು ಉದ್ದೇಶ. ಹೊರಗಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಬಜೆಟ್ ಮೀರುತ್ತೆ. ಹಾಗಾಗಿ ಆರ್ಡುಬಾಯಿಯದೇ ಚಿಪ್ ಇರೋ ಪ್ರೋ ಮೈಕ್ರೋ ಅನ್ನೋ ಪುಟ್ಟ ಬೋರ್ಡಲ್ಲಿ, ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಪಾರ್ಟ್ಸ್ ತಂದು ನಾವೇ ಕಟ್ಟೋ ಯೋಚನೆ.

ಕೇಳಬೇಕಾದ್ದು ಮೂರು. ಈ ಕನ್ಸೋಲ್ ನಿಜವಾಗಿ ಎಷ್ಟು ತಡೆಯುತ್ತೆ, ಎಲ್ಲಿ ಕೈ ಕೊಡುತ್ತೆ? ಏನೇನು ಪಾರ್ಟ್ಸ್ ತರಬೇಕು? ಪರದೆ ಮೇಲೆ ಕನ್ನಡ ಅಕ್ಷರ ಬರುತ್ತಾ? ಪದ ಹುಡುಕೋ ಆಟವೊಂದನ್ನ ಮಾಡಿಸಬೇಕು ಅಂತಿದೆ.

ಒಂದುಬಿಟ್

ಮೇಡಂ, ಬರೆಯೋದು ಕಲಿಸೋಕೆ ಇದಕ್ಕಿಂತ ಒಳ್ಳೇ ಕಡಿಮೆ ಬೆಲೆಯ ಕನ್ಸೋಲ್ ಕಷ್ಟ. ಆಡೋದಕ್ಕೆ ಮಾತ್ರ ಆದರೆ ಬೇಡ ಅಂತಲೇ ಹೇಳ್ತೀನಿ.

ಒಳಗಿರೋದು ಎಟಿಮೆಗಾ32ಯು4 ಚಿಪ್, 16 ಮೆಗಾಹರ್ಟ್ಸ್. ಫ್ಲ್ಯಾಶ್ (ಪ್ರೋಗ್ರಾಮ್ ಕೂರೋ ಜಾಗ) 32 ಕೆಬಿ, ಅದರಲ್ಲಿ 4 ಕೆಬಿಯನ್ನ ಹೊಸ ಪ್ರೋಗ್ರಾಮ್ ಹತ್ತಿಸೋ ಬೂಟ್‌ಲೋಡರ್ ತಿನ್ನುತ್ತೆ, ನಿಮಗೆ ಸಿಗೋದು 28. ರ‍್ಯಾಮ್ ಎರಡೂವರೆ ಕೆಬಿ, ಅಂದರೆ 2560 ಬೈಟ್. ಪರದೆ 128×64, ಕಪ್ಪು-ಬಿಳಿ ಮಾತ್ರ, ಬೂದು ಬಣ್ಣವೂ ಇಲ್ಲ. ಆ ಪರದೆಯ ಚಿತ್ರ ಇಟ್ಟುಕೊಳ್ಳೋಕೇ 1024 ಬೈಟ್ ರ‍್ಯಾಮ್ ಹೋಗುತ್ತೆ. ಉಳಿದ ಒಂದೂವರೆ ಕೆಬಿಯಲ್ಲಿ ನಿಮ್ಮ ವೇರಿಯೆಬಲ್‌ಗಳು, ಸ್ಟ್ಯಾಕ್ (ಫಂಕ್ಷನ್‌ಗಳು ಓಡುವಾಗ ಬಳಸೋ ತಾತ್ಕಾಲಿಕ ಜಾಗ), ಎಲ್ಲ.

ಮಕ್ಕಳು ಎಡವೋದು ಇಲ್ಲೇ. ಕೋಡಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದ ವಾಕ್ಯವೆಲ್ಲ ತಾನಾಗೇ ರ‍್ಯಾಮ್ ಸೇರುತ್ತೆ. ಚಿತ್ರಗಳ ಅರೇ ಕೂಡ ಅಷ್ಟೇ, ಕಾನ್ಸ್ಟ್ ಅಂತ ಬರೆದರೂ ಸಾಲದು. ಪ್ರೋಗ್‌ಮೆಮ್ ಅನ್ನೋ ಪದವನ್ನ ಜೊತೆಗೆ ಹಾಕಿದರೆ ಮಾತ್ರ ಫ್ಲ್ಯಾಶಲ್ಲಿ ಉಳಿಯುತ್ತೆ, ವಾಕ್ಯಗಳಿಗೆ ಎಫ್ ಮ್ಯಾಕ್ರೋ, ಅಂದರೆ ವಾಕ್ಯವನ್ನ F( ) ಒಳಗೆ ಬರೆಯೋದು. ಕಂಪೈಲ್ ಆದಮೇಲೆ ಕೆಳಗೆ ಗ್ಲೋಬಲ್ ವೇರಿಯೆಬಲ್ ಶೇಕಡಾ ಎಷ್ಟು ಅಂತ ತೋರಿಸುತ್ತೆ, 75 ದಾಟಿದರೆ ಎಚ್ಚರ. ದಾಟಿದ ಲಕ್ಷಣ ಏನಂದರೆ, ಎರರ್ ಏನೂ ಬರಲ್ಲ, ಆಟ ನಡುವೆ ತಾನೇ ರೀಸ್ಟಾರ್ಟ್ ಆಗುತ್ತೆ ಅಥವಾ ಪರದೆ ಮೇಲೆ ಚುಕ್ಕೆ ಚೆಲ್ಲಾಡುತ್ತೆ. ಮಕ್ಕಳು ವೈರಿಂಗ್ ತಪ್ಪು ಅಂದುಕೊಂಡು ಬೋರ್ಡ್ ಬಿಚ್ಚೋಕೆ ಶುರು ಮಾಡ್ತಾರೆ, ಮೊದಲೇ ಹೇಳಿಡಿ.

ಇನ್ನೊಂದು ದೌರ್ಬಲ್ಯ ಸೇವ್. ಪವರ್ ಹೋದರೂ ಉಳಿಯೋ ಮೆಮೊರಿ, ಅಂದರೆ ಇಇಪ್ರಾಮ್, ಬರೀ 1024 ಬೈಟ್, ಮೊದಲ 16 ಬೈಟ್ ಆರ್ಡುಬಾಯ್2 ಲೈಬ್ರರಿಗೆ (ಆಟ ಬರೆಯೋಕೆ ಬಳಸೋ ರೆಡಿ ಕೋಡಿಗೆ) ಮೀಸಲು. ಉಳಿದದ್ದು ಎಲ್ಲ ಆಟಗಳಿಗೂ ಸೇರಿದ್ದು. ಒಂದು ಆಟದ ಹೈಸ್ಕೋರ್ ಮೇಲೆ ಇನ್ನೊಂದು ಬರೆದುಬಿಡಬಹುದು, ತಡೆಯೋ ವ್ಯವಸ್ಥೆ ಇಲ್ಲ. ಪ್ರತಿ ಫ್ರೇಮಿಗೂ ಸ್ಕೋರ್ ಬರೆಯೋ ಕೋಡ್ ಕಂಡರೆ ತಕ್ಷಣ ನಿಲ್ಲಿಸಿ. ಒಂದು ಜಾಗಕ್ಕೆ ಖಾತರಿ ಇರೋದು 1 ಲಕ್ಷ ಸಲ ಬರೆಯೋಕೆ. ಸೆಕೆಂಡಿಗೆ 60ರಂತೆ ಅರ್ಧ ಗಂಟೆಯೊಳಗೆ ಅದು ಮುಗಿಯುತ್ತೆ. ಆಟ ಮುಗಿದಾಗ ಒಂದು ಸಲ, ಅದೂ ಅಪ್‌ಡೇಟ್ ಫಂಕ್ಷನ್ನಲ್ಲಿ ಬರೆದರೆ ಸಾಕು. ಅಲ್ಲಿರೋ ಸಂಖ್ಯೆ ಬದಲಾಗಿದ್ದರೆ ಮಾತ್ರ ಅದು ಬರೆಯುತ್ತೆ.

ಇಷ್ಟೆಲ್ಲ ಇಕ್ಕಟ್ಟು ಇದ್ದರೂ ಶಿಫಾರಸು ಮಾಡೋದಕ್ಕೆ ಕಾರಣ ಇದೆ. ಸ್ಕೀಮ್ಯಾಟಿಕ್, ಲೈಬ್ರರಿ ತೆರೆದಿದೆ, ಬಹಳಷ್ಟು ಆಟಗಳ ಸೋರ್ಸ್ ಸಿಗುತ್ತೆ. ಒಬ್ಬ ಹುಡುಗಿ ಇಡೀ ಆಟದ ಕೋಡನ್ನ ಒಂದೇ ಸಲ ತಲೆಯಲ್ಲಿ ಇಟ್ಟುಕೊಳ್ಳಬಹುದು. ದೊಡ್ಡ ಗೇಮ್ ಎಂಜಿನ್ನಲ್ಲಿ ಅದು ಆಗದ ಮಾತು. ಬೋರ್ಡ್ ಬರೋ ತನಕ ಆರ್ಡೆನ್ಸ್ ಅಥವಾ ಪ್ರಾಜೆಕ್ಟ್‌ಎಬಿಇ ಎಮ್ಯುಲೇಟರಲ್ಲಿ (ಕಂಪ್ಯೂಟರಲ್ಲೇ ಆರ್ಡುಬಾಯ್ ಥರ ಓಡೋ ಸಾಫ್ಟ್‌ವೇರ್) ಶುರು ಮಾಡಿಸಿ.

ಬೆಸುಗೆ_ಕಡ್ಡಿ

ಪಾರ್ಟ್ಸ್ ವಿಚಾರ ನನ್ನದು. ಒಂದು ಸೆಟ್ಟಿಗೆ: ಪ್ರೋ ಮೈಕ್ರೋ 1, 0.96 ಇಂಚಿನ ಓಲೆಡ್ ಪರದೆ 1, 6 ಮಿಮೀ ಪುಶ್ ಬಟನ್ 7 (ಆರು ಆಟಕ್ಕೆ, ಒಂದು ರೀಸೆಟ್ಟಿಗೆ), ಪ್ಯಾಸಿವ್ ಪೀಜೋ ಬಜರ್ 1, ಸ್ಲೈಡ್ ಸ್ವಿಚ್ 1, ಜನರಲ್ ಪರ್ಪಸ್ ಪಿಸಿಬಿ, ಬರ್ಗ್ ಸ್ಟ್ರಿಪ್. ಹತ್ತಕ್ಕೆ ಹನ್ನೆರಡು ಸೆಟ್ ತನ್ನಿ. ಭಾನುವಾರ ಹೋಗಬೇಡಿ, ಎಸ್‌ಪಿ ರೋಡಲ್ಲಿ ಬಹುತೇಕ ಶಟರ್ ಎಳೆದಿರುತ್ತೆ.

ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕಾದ್ದು ಇಷ್ಟು:

ಪ್ರೋ ಮೈಕ್ರೋ 5 ವೋಲ್ಟ್, 16 ಮೆಗಾಹರ್ಟ್ಸ್. ನೋಡೋಕೆ ಒಂದೇ ಥರ ಇರೋ 3.3 ವೋಲ್ಟ್, 8 ಮೆಗಾಹರ್ಟ್ಸ್‌ನದೂ ಇದೆ, ಅದು ಬೇಡ. ಬರೀ «ಪ್ರೋ ಮಿನಿ» ಕೊಟ್ಟರೆ ವಾಪಸ್ ಕೊಡಿ, ಅದರಲ್ಲಿ ಯುಎಸ್‌ಬಿಯೇ ಇಲ್ಲ.

ಓಲೆಡ್ ಏಳು ಪಿನ್ನಿನದು, ಅಂದರೆ ಎಸ್‌ಪಿಐ (ಪರದೆಗೆ ಡೇಟಾ ಕಳಿಸೋ ವೇಗದ ಸಂಪರ್ಕ). ಕೌಂಟರಲ್ಲಿ ಮೊದಲು ಕೈಗಿಡೋದು ನಾಲ್ಕು ಪಿನ್ನಿನ ಐ2ಸಿ, ಆ ಸಂಪರ್ಕ ನಿಧಾನ. ಲೆಕ್ಕ ಹಾಕಿ ನೋಡಿ: 1024 ಬೈಟ್, ಬೈಟಿಗೆ 9 ಬಿಟ್, 400 ಕಿಲೋಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಕಳಿಸೋಕೆ 23 ಮಿಲಿಸೆಕೆಂಡ್. 60 ಫ್ರೇಮಿನ ಆಟಕ್ಕೆ ಇರೋ ಸಮಯವೇ 16.7. ಎಸ್‌ಪಿಐ 8 ಮೆಗಾಹರ್ಟ್ಸ್‌ನಲ್ಲಿ ಅದೇ ಕೆಲಸ ಒಂದೆರಡು ಮಿಲಿಸೆಕೆಂಡಲ್ಲಿ ಮುಗಿಯುತ್ತೆ. ಮೇಲಿನ ಪಟ್ಟಿ ಹಳದಿ, ಕೆಳಗೆ ನೀಲಿ ಇರೋದನ್ನೂ ತರಬೇಡಿ. ನಡೆಯುತ್ತೆ, ಆದರೆ ಆಟದ ಆಕಾಶ ಎರಡು ತುಂಡಾಗಿ ಕಾಣುತ್ತೆ.

ವೈರಿಂಗ್: ಓಲೆಡ್‌ನ ಡಿ0 ಬೋರ್ಡಿನ 15ಕ್ಕೆ, ಡಿ1 16ಕ್ಕೆ, ಡಿಸಿ 4ಕ್ಕೆ, ರೀಸೆಟ್ 6ಕ್ಕೆ. ಬಟನ್‌ಗಳಲ್ಲಿ ಮೇಲೆ ಎ0, ಬಲ ಎ1, ಎಡ ಎ2, ಕೆಳಗೆ ಎ3, ಎ ಬಟನ್ 7, ಬಿ ಬಟನ್ 8. ಬಟನ್ನಿನ ಇನ್ನೊಂದು ಕಾಲು ಗ್ರೌಂಡಿಗೆ, ರೆಸಿಸ್ಟರ್ ಬೇಡ, ಚಿಪ್ಪಿನೊಳಗೇ ಪುಲ್-ಅಪ್ (ಒತ್ತದಿದ್ದಾಗ ಪಿನ್ನನ್ನ 1ರಲ್ಲೇ ಇಡೋ ರೆಸಿಸ್ಟರ್) ಇದೆ. ನಾಲ್ಕು ಕಾಲಿನ ಬಟನ್ನಲ್ಲಿ ಎದುರುಬದುರು ಮೂಲೆಯ (ಕರ್ಣದ ಎರಡು ತುದಿಯ) ಕಾಲುಗಳನ್ನ ಬಳಸಿ, ಆಗ ಒಳಗೆ ಯಾವ ಜೋಡಿ ಸೇರಿದೆ ಅನ್ನೋ ಗೊಂದಲವೇ ಇರಲ್ಲ. ಬಜರ್ 5 ಮತ್ತು ಗ್ರೌಂಡ್ ನಡುವೆ.

ಸಿಎಸ್ (ಡೇಟಾ ಯಾವ ಸಾಧನಕ್ಕೆ ಅಂತ ಆರಿಸೋ) ಪಿನ್ನಲ್ಲಿ ಒಂದು ತಿರುವಿದೆ. ಅಸಲಿ ಆರ್ಡುಬಾಯಲ್ಲಿ ಅದು 12ನೇ ಪಿನ್, ಪ್ರೋ ಮೈಕ್ರೋ ಅದನ್ನ ಹೊರಗೆ ತಂದೇ ಇಲ್ಲ. ಓಲೆಡ್‌ನ ಸಿಎಸ್ ಅನ್ನ ನೇರ ಗ್ರೌಂಡಿಗೆ ಕಟ್ಟಿಬಿಡಿ. ಎಸ್‌ಪಿಐ ಸಾಲಲ್ಲಿ ಪರದೆ ಒಂದೇ ಇರೋದರಿಂದ ತೊಂದರೆ ಇಲ್ಲ, ಅಸಲಿ ಕನ್ಸೋಲಿಗೆ ಕಂಪೈಲ್ ಮಾಡಿದ ಹೆಕ್ಸ್ ಫೈಲ್ ಕೂಡ ಹಾಗೇ ಓಡುತ್ತೆ.

ಪವರ್ ಕೊಡೋ ಮೊದಲು ಪರದೆ ಮೇಲಿನ ಅಚ್ಚು ಓದಿ. ಗ್ರೌಂಡ್, ವಿಸಿಸಿ (ಪವರ್ ಪಿನ್) ಜಾಗ ಅದಲು ಬದಲಾಗಿರೋ ಮಾಡ್ಯೂಲ್‌ಗಳಿವೆ, ಉಲ್ಟಾ ಕೊಟ್ಟರೆ ಪರದೆ ಸುಟ್ಟುಹೋಗುತ್ತೆ. ಮೈಕ್ರೋ ಯುಎಸ್‌ಬಿ ಸಾಕೆಟ್ ಈ ಬೋರ್ಡಿನ ಪ್ರಸಿದ್ಧ ಕಾಯಿಲೆ, ಮಕ್ಕಳ ಕೈಯಲ್ಲಿ ಟ್ರ್ಯಾಕ್ ಸಮೇತ ಕಿತ್ತು ಬರುತ್ತೆ. ಸುತ್ತ ಎಪಾಕ್ಸಿ ಹಚ್ಚಿ, ಸಾಕೆಟ್ಟಿನ ಬಾಯೊಳಗೆ ಹೋಗದ ಹಾಗೆ.

ಕ್ಲಬ್_ಮೇಡಂ_ಬಸವನಗುಡಿ

ಬಹಳ ಉಪಕಾರ ಆಯ್ತು ಸರ್. ಬ್ಯಾಟರಿಗೆ ಲಿಪೋ (ಚಾರ್ಜ್ ಮಾಡೋ ಲಿಥಿಯಂ ಸೆಲ್) ಹಾಕಿ ಟಿಪಿ4056 ಚಾರ್ಜರ್ ಕೂರಿಸೋದಾ? ಮತ್ತೆ 1.3 ಇಂಚಿನ ಪರದೆ ದೊಡ್ಡದು, ಅದನ್ನೇ ತರಬಹುದಾ?

ಬೆಸುಗೆ_ಕಡ್ಡಿ

1.3 ಇಂಚಿನದರಲ್ಲಿ ಸಾಮಾನ್ಯವಾಗಿ ಇರೋದು ಎಸ್‌ಎಚ್1106 ಕಂಟ್ರೋಲರ್, ಆರ್ಡುಬಾಯಿಯದು ಎಸ್‌ಎಸ್‌ಡಿ1306. ಎಸ್‌ಎಚ್1106ರ ಮೆಮೊರಿ 132 ಕಾಲಂ ಅಗಲ, ಒಂದು ಸಾಲು ತುಂಬಿದಮೇಲೆ ತಾನಾಗಿ ಮುಂದಿನ ಸಾಲಿಗೆ ಇಳಿಯೋದೂ ಇಲ್ಲ. ಹಾಗಾಗಿ ರೆಡಿ ಹೆಕ್ಸ್ ಫೈಲ್ ಹಾಕಿದರೆ ಇಡೀ ಚಿತ್ರ ಒಂದೇ ಪಟ್ಟಿಯಲ್ಲಿ ಕಲಸಿಹೋಗುತ್ತೆ. ಆರ್ಡುಬಾಯ್ ಹೋಮ್‌ಮೇಡ್ ಪ್ಯಾಕೇಜನ್ನ ಆರ್ಡುಯಿನೋ ಸಾಫ್ಟ್‌ವೇರಿಗೆ ಹಾಕಿಕೊಂಡು ಅದರ ಮೆನುವಲ್ಲಿ ಡಿಸ್‌ಪ್ಲೇ ಬದಲಿಸಿ, ಸೋರ್ಸಿಂದ ಕಂಪೈಲ್ ಮಾಡಿದರೆ ಸರಿಯಾಗುತ್ತೆ. ಪ್ರತಿ ಆಟಕ್ಕೂ ಆ ಗೋಳು ಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು. ನಾನಾದರೆ 0.96ಕ್ಕೇ ನಿಲ್ತೀನಿ.

ಲಿಪೋ ಶಾಲೆಗೆ ಬೇಡ. ಆ ಟಿಪಿ4056 ಮಾಡ್ಯೂಲ್‌ಗಳು ಅಂಗಡಿಯಿಂದ ಬರುವಾಗ 1.2 ಕಿಲೋಓಮ್ ರೆಸಿಸ್ಟರ್ ಇಟ್ಟುಕೊಂಡು 1 ಆಂಪಿಯರ್‌ಗೆ ಹೊಂದಿಸಿರುತ್ತವೆ. ಅಸಲಿ ಆರ್ಡುಬಾಯಿಯ ಸೆಲ್ 180 ಎಂಎಎಚ್. ಅಷ್ಟು ಸಣ್ಣ ಸೆಲ್ಲಿಗೆ 1 ಆಂಪಿಯರ್ ತುರುಕಿದರೆ ಬಿಸಿಯಾಗಿ ಊದಿಕೊಳ್ಳುತ್ತೆ. ಮಾಡಲೇಬೇಕಂದರೆ ಆ ರೆಸಿಸ್ಟರ್ ತೆಗೆದು 10 ಕಿಲೋಓಮ್ ಹಾಕಿ, 130 ಮಿಲಿಆಂಪಿಯರ್‌ಗೆ ಇಳಿಯುತ್ತೆ. ಲಿಪೋವನ್ನ ನೇರ ವಿಸಿಸಿ ಪಿನ್ನಿಗೆ ಕಟ್ಟಿ, ಹಾಗೇ ಯುಎಸ್‌ಬಿ ಚುಚ್ಚೋದಂತೂ ಕೂಡದು. 5 ವೋಲ್ಟ್ ಸೆಲ್ಲಿಗೇ ನುಗ್ಗುತ್ತೆ.

ನಿಮಗೆ ಸರಳ ದಾರಿ: ನಾಲ್ಕು ಎಎ ಆಲ್ಕಲೈನ್ ಸೆಲ್, ಸ್ಲೈಡ್ ಸ್ವಿಚ್, 1ಎನ್5817 ಡಯೋಡ್, ಅಲ್ಲಿಂದ ಬೋರ್ಡಿನ ರಾ (RAW) ಪಿನ್ನಿಗೆ. 16 ಮೆಗಾಹರ್ಟ್ಸ್‌ಗೆ ಡೇಟಾಶೀಟ್ ಕೇಳೋದು ಕನಿಷ್ಠ 4.5 ವೋಲ್ಟ್, ಹೊಸ ಸೆಲ್ಲಲ್ಲಿ ಅದಕ್ಕೆ ಕೊರತೆ ಇಲ್ಲ. ಯುಎಸ್‌ಬಿ ಹಾಕೋ ಮೊದಲು ಸ್ವಿಚ್ ಆಫ್ ಮಾಡೋ ಅಭ್ಯಾಸ ಮಾಡಿಸಿ. ಜೇಬಲ್ಲಿ ಹಿಡಿಸಲ್ಲ ಅಂತ ಮಕ್ಕಳು ಗೊಣಗ್ತಾರೆ, ಗೊಣಗಲಿ. ಪವರ್ ಬ್ಯಾಂಕ್ ಯೋಚನೆ ಇದ್ದರೆ, ಇದು ಎಳೆಯೋ ಕರೆಂಟ್ ತೀರಾ ಕಡಿಮೆ ಆದ್ದರಿಂದ ಎಷ್ಟೋ ಪವರ್ ಬ್ಯಾಂಕ್‌ಗಳು ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗಿಬಿಡುತ್ತವೆ.

ಬಣ್ಣ_ಬೇಕು_ಗುರು

ಎಲ್ಲರೂ ಬೆಸುಗೆ ಹಿಂದೆ ಬಿದ್ದಿದ್ದೀರ. ಶಾಲೆಯಲ್ಲಿ ಕಂಪ್ಯೂಟರ್ ಇದ್ದೇ ಇರುತ್ತೆ, ಪಿಕೋ-8 ಅನ್ನೋ ಸಾಫ್ಟ್‌ವೇರ್ ಕನ್ಸೋಲ್ ನೋಡಿ. 128×128 ಪರದೆ, 16 ಬಣ್ಣ, ಲುವಾ ಭಾಷೆ, ಚಿತ್ರ ಬಿಡಿಸೋದು, ಸಂಗೀತ ಎಲ್ಲ ಅದರೊಳಗೇ. ರಾಸ್ಪ್‌ಬೆರಿ ಪೈ ಮೇಲೂ ನಡೆಯುತ್ತೆ. ಪಾಯಿಂಟರ್, ಪ್ರೋಗ್‌ಮೆಮ್ ಅಂತ ಮಕ್ಕಳು ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಒಂದುಬಿಟ್

ಆಟದ ವಿನ್ಯಾಸ ಕಲಿಸೋಕೆ ಪಿಕೋ-8 ಮುಂದಿದೆ, ಒಪ್ಪಿದೆ. ಆದರೆ ಅದರ ಪೂರ್ತಿ ಆವೃತ್ತಿಯನ್ನ ದುಡ್ಡು ಕೊಟ್ಟೇ ಕೊಳ್ಳಬೇಕು. ಮೇಡಂ ಕೇಳ್ತಿರೋದು ಎಲೆಕ್ಟ್ರಾನಿಕ್ಸ್ ಕ್ಲಬ್ಬಿಗೆ. ಬಟನ್ ಒತ್ತಿದಾಗ ಪಿನ್ ಯಾಕೆ ಸೊನ್ನೆ ಆಗುತ್ತೆ ಅನ್ನೋದು ಪಿಕೋ-8ರಲ್ಲಿ ಕಾಣಲ್ಲ ಗುರು.

ಈಗ ಕನ್ನಡ. ಲೈಬ್ರರಿಯ ಫಾಂಟ್ 5×7 ಚುಕ್ಕೆಯದು, ಅದರಲ್ಲಿ ಕನ್ನಡ ಇಲ್ಲ. ಯುನಿಕೋಡ್ ಓದಿ ಒತ್ತು, ಗುಣಿತ ಜೋಡಿಸೋ ಶಕ್ತಿ ಈ ಚಿಪ್ಪಿಗಿಲ್ಲ. ಅಕ್ಷರ ಬಿಡಿಬಿಡಿಯಾಗಿ ಇಟ್ಟು ಜೋಡಿಸೋಕೆ ಹೋಗಬೇಡಿ, «ಸ್ತ್ರೀ»ಗೇ ಸಾಕಾಗಿ ಹೋಗುತ್ತೆ. ಇಡೀ ಪದವನ್ನ ಕಂಪ್ಯೂಟರಲ್ಲಿ ಚಿತ್ರ ಮಾಡಿ ಕಪ್ಪು-ಬಿಳಿ ಬಿಟ್‌ಮ್ಯಾಪ್ ಆಗಿ ಒಳಗೆ ಹಾಕಿ. ಒತ್ತಕ್ಷರ ಓದೋ ಹಾಗಿರಬೇಕಂದರೆ ಎತ್ತರ ಕನಿಷ್ಠ 16 ಚುಕ್ಕೆ, ಪರದೆಯಲ್ಲಿ ನಾಲ್ಕು ಸಾಲು ಹಿಡಿಸುತ್ತೆ. 64 ಚುಕ್ಕೆ ಅಗಲದ ಪದಕ್ಕೆ 128 ಬೈಟ್, ನೂರು ಪದಕ್ಕೆ 12,800 ಬೈಟ್. ಲೈಬ್ರರಿ ಮತ್ತು ಯುಎಸ್‌ಬಿ ಕೋಡ್ ಕೆಲವು ಕೆಬಿ ತೆಗೆದುಕೊಂಡರೂ 28ರಲ್ಲಿ ಆಟಕ್ಕೆ ಜಾಗ ಉಳಿಯುತ್ತೆ. ಬಿಟ್‌ಮ್ಯಾಪ್ ಮಾಡುವಾಗ ಒಂದು ಬೈಟ್ ಅಂದರೆ ಮೇಲಿಂದ ಕೆಳಗೆ ಎಂಟು ಚುಕ್ಕೆ. ಕನ್ವರ್ಟರಲ್ಲಿ ಅಡ್ಡಡ್ಡ ಆಯ್ಕೆ ಮಾಡಿದರೆ ಪದ ಚೂರುಚೂರಾಗಿ ಬರುತ್ತೆ.

ಬೆಸುಗೆ_ಕಡ್ಡಿ

ಒಂದು ಬಿಟ್ಟುಹೋಗಿತ್ತು. ಈ ಚಿಪ್ಪಲ್ಲಿ ಯುಎಸ್‌ಬಿ ನೋಡಿಕೊಳ್ಳೋದು ನಾವು ಹಾಕಿದ ಸ್ಕೆಚ್ಚೇ, ಅಂದರೆ ಪ್ರೋಗ್ರಾಮೇ. ಸ್ಕೆಚ್ ಹ್ಯಾಂಗ್ ಆದರೆ ಕಂಪ್ಯೂಟರಿಗೆ ಬೋರ್ಡೇ ಕಾಣದೆ ಹೋಗಬಹುದು, ಮಕ್ಕಳು ಸತ್ತೋಯ್ತು ಅಂತ ಎತ್ತಿಡ್ತಾರೆ. ಏಳನೇ ಬಟನ್ ತರಿಸಿದ್ದು ಇದಕ್ಕೇ. ಆರ್‌ಎಸ್‌ಟಿ ಮತ್ತು ಗ್ರೌಂಡ್ ನಡುವೆ ಹಾಕಿ. ಅಪ್‌ಲೋಡ್ ಒತ್ತಿ, ಕಂಪೈಲ್ ಮುಗಿದ ಕ್ಷಣ ಆ ಬಟನ್ನನ್ನ ಬೇಗಬೇಗ ಎರಡು ಸಲ ಒತ್ತಿದರೆ ಬೂಟ್‌ಲೋಡರ್ 8 ಸೆಕೆಂಡ್ ಕಾಯುತ್ತೆ, ಅಷ್ಟರಲ್ಲಿ ಹೊಸ ಸ್ಕೆಚ್ ಹತ್ತುತ್ತೆ. ವಿಂಡೋಸಲ್ಲಿ ಆ ಹೊತ್ತಿಗೆ ಕಾಮ್ ಪೋರ್ಟ್ ನಂಬರ್ ಬದಲಾಗಿರುತ್ತೆ, ನೋಡಿಕೊಳ್ಳಿ. ಉಬುಂಟು ಆದರೆ ಬಳಕೆದಾರರನ್ನ ಡಯಲ್‌ಔಟ್ ಗುಂಪಿಗೆ ಸೇರಿಸಿ.

ಹಲವು ಆಟ ಒಟ್ಟಿಗೆ ಇಡೋಕೆ ಆರ್ಡುಬಾಯ್ ಎಫ್‌ಎಕ್ಸ್ (ಹಲವು ಆಟ ಒಳಗೇ ಹಿಡಿಸೋ ಆವೃತ್ತಿ) ಥರ ಡಬ್ಲ್ಯು25ಕ್ಯು128 ಅನ್ನೋ ಫ್ಲ್ಯಾಶ್ ಚಿಪ್ ಸೇರಿಸೋಣ ಅಂತ ಯಾರಾದರೂ ಹುಡುಗ ಕೇಳೇ ಕೇಳ್ತಾನೆ. ಆ ಚಿಪ್ ತಡೆಯೋದು 3.6 ವೋಲ್ಟ್ ತನಕ. 5 ವೋಲ್ಟ್ ಬೋರ್ಡಿಗೆ ಲೆವೆಲ್ ಶಿಫ್ಟರ್ (ವೋಲ್ಟೇಜ್ ಹೊಂದಿಸೋ ಸರ್ಕ್ಯೂಟ್) ಇಲ್ಲದೆ ಕಟ್ಟಬಾರದು, ಆಗ ಓಲೆಡ್‌ನ ಸಿಎಸ್ ಕೂಡ ಗ್ರೌಂಡಿಂದ ಬಿಡಿಸಿ ಬೇರೆ ಪಿನ್ನಿಗೆ ಕೊಡಬೇಕು. ಬೂಟ್‌ಲೋಡರ್ ಬೇರೆ ಬದಲಿಸಬೇಕು. ಅದು ಮುಂದಿನ ವರ್ಷದ ಬ್ಯಾಚಿಗಿರಲಿ.