‘ಇನ್ನೂ ಸಂಶೋಧನೆ ಆಗಲಿ’ ಅಂದರೆ ಯಾರಿಗೆ ಲಾಭ?

ಬಿಸಿಲೂರಿನವ (ಕಲಬುರಗಿ):
ನಿನ್ನೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಾ ಗೆಳೆಯನ ಜೊತೆ ಜಗಳವೇ ಆಯಿತು. ವಿಷಯ ಹಳೆಯದು. ತಂಬಾಕು ಪಾಕೀಟಿನ 85% ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು, 2015ರ ಏಪ್ರಿಲ್ 1ರಿಂದ ಜಾರಿ ಅಂತ ಕೇಂದ್ರ ಸರ್ಕಾರ ಹೇಳಿತ್ತು. ಅಷ್ಟರಲ್ಲಿ ಒಂದು ಸಂಸದೀಯ ಸಮಿತಿ ತಡೆಯಿರಿ ಅಂದಿತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಅನ್ನೋ ಅಧ್ಯಯನಗಳೆಲ್ಲ ಹೊರದೇಶದವು, ಭಾರತದ್ದು ಇಲ್ಲ ಅನ್ನೋದು ಅಧ್ಯಕ್ಷರ ಮಾತು. ನಿಯಮ ಬಂದಿದ್ದು 2016ರ ಏಪ್ರಿಲ್‌ನಲ್ಲಿ. ಸಾಕ್ಷಿ ಕೇಳೋದರಲ್ಲಿ ತಪ್ಪೇನು ಅಂತ ಗೆಳೆಯನ ವಾದ. ಕಂಪನಿಗಳು ದುಡ್ಡು ಕೊಟ್ಟು ಮಾಡಿಸಿದ ಸಂಶೋಧನೆ ನಂಬೋದು ಹೇಗೆ ಅಂತ ನನ್ನದು. ನೀವೇನಂತೀರಿ?

ಪಾನ್ ಡಬ್ಬಾ ಹುಡುಗ (ಕಲಬುರಗಿ):
ನಿಮ್ಮ ಗೆಳೆಯ ಹೇಳಿದ್ದು ಸರಿ ಇದೆ ರೀ. ನಮ್ಮಪ್ಪನದು ಪಾನ್ ಡಬ್ಬಾ. 2013ರಲ್ಲಿ ಗುಟ್ಕಾ ನಿಷೇಧ ಮಾಡಿದರು. ಏನಾಯ್ತು? ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು. ಗಿರಾಕಿ ತಾನೇ ಕಲಸಿ ಬಾಯಿಗೆ ಹಾಕಿಕೊಳ್ತಾನೆ. ನಿಯಮ ಮಾಡುವ ಮೊದಲು ಕೆಲಸಕ್ಕೆ ಬರುತ್ತಾ ಅಂತ ನೋಡಬಾರದಾ? ಕಂಪನಿ ದುಡ್ಡಿನ ಸಂಶೋಧನೆ ಎಲ್ಲಾ ಸುಳ್ಳು ಅಂದ್ರೆ ಬಿಪಿ ಗುಳಿಗೆನೂ ಬಿಡಬೇಕಾಗುತ್ತೆ. ಅದರ ಪರೀಕ್ಷೆಗೂ ದುಡ್ಡು ಹಾಕೋದು ಕಂಪನಿನೇ.

ಬೀದರ ಮೇಷ್ಟ್ರು:
ತಮ್ಮಾ, ಸಾಕ್ಷಿ ಇರಲಿಲ್ಲ ಅಂದರೆ ಕೇಳೋಣ. 2008ರಲ್ಲೇ ನಮ್ಮ ದೇಶದ 11 ಲಕ್ಷ ಮನೆಗಳ ಅಧ್ಯಯನ ಬಂದಿತ್ತು. ಬೀಡಿ, ಸಿಗರೇಟಿನಿಂದ ವರ್ಷಕ್ಕೆ ಸುಮಾರು 10 ಲಕ್ಷ ಸಾವು ಅಂತ ಅದರ ಅಂದಾಜು. ಇದ್ದದ್ದನ್ನೇ ಇಲ್ಲ ಅಂದರು. ಆ ಸಮಿತಿಯಲ್ಲಿ ಬೀಡಿ ವ್ಯಾಪಾರದ ಸಂಸದರೊಬ್ಬರೂ ಕೂತಿದ್ದರು, ಅದಿರಲಿ.

ಇದು ಹಳೇ ಆಟ. 1954ರ ಜನವರಿಯಲ್ಲಿ ಅಮೆರಿಕದ ಸಿಗರೇಟ್ ಕಂಪನಿಗಳು 400ಕ್ಕೂ ಜಾಸ್ತಿ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದವು. ನಿಮ್ಮ ಆರೋಗ್ಯವೇ ನಮಗೆ ಮುಖ್ಯ, ಸಂಶೋಧನೆಗೆ ನಾವೇ ದುಡ್ಡು ಕೊಡ್ತೇವೆ ಅಂತ. 1969ರಲ್ಲಿ ಒಂದು ಕಂಪನಿಯವರು ತಮ್ಮೊಳಗಿನ ಟಿಪ್ಪಣಿಯಲ್ಲಿ ಬರೆದುಕೊಂಡರು: ಸಂಶಯವೇ ನಮ್ಮ ಸರಕು. ಓದಿದಾಗ ಸಿಟ್ಟಿಗಿಂತ ಬೆರಗೇ ಜಾಸ್ತಿ ಆಯಿತು. ಎಷ್ಟು ಸಲೀಸಾಗಿ ಬರೆದಿದ್ದಾರೆ!

ಅಂಕಿ ಅಕ್ಕ (ಯಾದಗಿರಿ):
ಗುಳಿಗೆ ಮಾತು ಬಂತಲ್ಲ, ನಾನು ಅಂಕಿಅಂಶ ಓದಿದವಳು. ಔಷಧ ಪರೀಕ್ಷೆ ಶುರುವಾಗುವ ಮೊದಲೇ ಏನು ಅಳೆಯುತ್ತೇವೆ ಅಂತ ದಾಖಲೆಯಲ್ಲಿ ಬರೆಸಬೇಕು. ನಮ್ಮಲ್ಲಿ 2009ರಿಂದ ಕಡ್ಡಾಯ. ಆಮೇಲೆ ಗುರಿ ಬದಲಿಸಿದರೆ ಗೊತ್ತಾಗುತ್ತದೆ.

ಅಂಥ ಕಾವಲು ಇಲ್ಲದಾಗ ಏನಾಗುತ್ತೆ ಅಂತ ಸಕ್ಕರೆ ಕಥೆ ನೋಡಿ. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆ ಹಾರ್ವರ್ಡ್ ಸಂಶೋಧಕರಿಗೆ ಸುಮಾರು 6,500 ಡಾಲರ್ ಕೊಟ್ಟಿತು. 1967ರಲ್ಲಿ ಅವರ ಲೇಖನ ಬಂತು: ಹೃದಯರೋಗ ತಡೆಯಲು ಕೊಬ್ಬಿನ ಕಡೆ ನೋಡಿ, ಸಕ್ಕರೆಯದು ಅಷ್ಟೇನಿಲ್ಲ. ದುಡ್ಡು ಯಾರದು ಅಂತ ಅದರಲ್ಲಿ ಇರಲಿಲ್ಲ. 2016ರಲ್ಲಿ ಹೊರಬಿತ್ತು. ಇಂಥದ್ದಕ್ಕೆ ಅಂಕಿ ತಿದ್ದೋದೇ ಬೇಕಿಲ್ಲ. ಎರಡು ಜರಡಿ ಇದ್ದರೆ ಸಾಕು. ಸಕ್ಕರೆಯನ್ನು ದೂರುವ ಅಧ್ಯಯನಕ್ಕೆ ಸಣ್ಣ ಕಣ್ಣಿನ ಜರಡಿ, ಏನೂ ಕೆಳಗಿಳಿಯಲ್ಲ. ಕೊಬ್ಬನ್ನು ದೂರುವುದಕ್ಕೆ ದೊಡ್ಡ ಕಣ್ಣಿನದು. ತೊಗರಿ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಪಾನ್ ಡಬ್ಬಾ ಹುಡುಗ:
ಅಕ್ಕಾ, ಸರ್ಕಾರದವರು, ಎನ್‌ಜಿಒದವರು ಜರಡಿ ಬದಲಿಸಲ್ವಾ?

ಅಂಕಿ ಅಕ್ಕ:
ಬದಲಿಸ್ತಾರೆ, ನೋಡಿದ್ದೇನೆ. ಕಚ್ಚಾ ಅಂಕಿ ತೋರಿಸಿ ಅಂತ ಅವರನ್ನೂ ಕೇಳಬೇಕು. ಆದರೆ ತಂಬಾಕು ಚಿತ್ರದ ನಿಯಮ ಒಂದು ವರ್ಷ ತಡವಾಯಿತಲ್ಲ, ಅದರಲ್ಲಿ ಮಾಲು ಮಾರಿದ್ದು ಯಾರು?

ಬಿಸಿಲೂರಿನವ:
ತಮ್ಮಾ, ಗಲ್ಲಾ ಮೇಲೆ ಕೂತವನು ನೀನು. ಆ ಚಿತ್ರ ನೋಡಿ ಗಿರಾಕಿ ಏನಂತಾರೆ?

ಪಾನ್ ಡಬ್ಬಾ ಹುಡುಗ:
ನಿಜ ಹೇಳ್ತೀನಿ ಅಣ್ಣಾ. ಕೆಲವರು ಈ ಚಿತ್ರದ್ದು ಬೇಡ, ಬೇರೆ ಕೊಡು ಅಂತಾರೆ. ಬಿಟ್ಟವರನ್ನು ನಾನಂತೂ ನೋಡಿಲ್ಲ. ಬಹಳ ಮಂದಿ ಬಿಡಿ ಸಿಗರೇಟ್ ಒಯ್ತಾರೆ, ಅದರ ಮೇಲೆ ಚಿತ್ರ ಎಲ್ಲಿರುತ್ತೆ? ಅಪ್ಪ ಮಾತ್ರ ರಾತ್ರಿ ಮನೆಗೆ ಬಂದಾಗ ಮಾಲಿನ ಚೀಲ ಬಾಗಿಲ ಹೊರಗೇ ಇಡ್ತಾರೆ. ಸಣ್ಣ ತಂಗಿ ಒಮ್ಮೆ ಆ ಚಿತ್ರ ನೋಡಿ, ಅಪ್ಪಗೂ ಹೀಗಾಗುತ್ತಾ ಅಂತ ಅತ್ತಿದ್ದಳು.